ಸಂಚಿಯಲ್ಲಿ ಅಡ್ಡ ಮಲಗಿದ ಫೋನು

ಆಗ ನನಗೆ ಅರವತ್ತೆಂಟು. ಇದು ಮೂರು ವರ್ಷದ ಹಿಂದಿನ ಮಾತು. ಫೋನು ಕಂಡುಹಿಡಿದವರು ಯಾರೇ ಆಗಿರಲಿ, ಅವರು ಸೀರೆ ಉಟ್ಟವರಲ್ಲ ಅನ್ನೋದು ನನಗೆ ಆವಾಗಲೇ ಖಾತ್ರಿಯಾಯಿತು. ಗಂಡಸರಿಗೆ ಅಂಗಿ ಜೇಬಿದೆ, ಅದರೊಳಗೆ ಫೋನು ಕಾವಲುಗಾರನ ಹಾಗೆ ನೆಟ್ಟಗೆ ನಿಂತಿರುತ್ತೆ. ನಮಗೇನಿದೆ? ಸೆರಗಿಗೆ ಕಟ್ಟಿದರೆ ಜಗ್ಗುತ್ತೆ, ರವಿಕೆಯೊಳಗೆ ಇಟ್ಟರೆ ಬೆವರುತ್ತೆ, ಕೈಯಲ್ಲೇ ಹಿಡಿದುಕೊಂಡರೆ ಕುಡುಗೋಲು ಹಿಡಿಯೋದು ಯಾವಾಗ? ನಾನು ಎಲೆಅಡಿಕೆ ಸಂಚಿಗೆ ಹಾಕಿಕೊಂಡೆ. ಸೊಂಟಕ್ಕೆ ಸಿಕ್ಕಿಸಿದ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅವುಗಳ ಜೊತೆ ಸೋಮಾರಿ ನೆಂಟನ ಹಾಗೆ ಅಡ್ಡಡ್ಡ ಮಲಗಿದ ಫೋನು. ಅದಕ್ಕೆ ಸುಣ್ಣ ಮೆತ್ತಿಕೊಂಡು, ಯಾರಾದರೂ ಕರೆ ಮಾಡಿದಾಗ ನನ್ನ ಕೆನ್ನೆಗೆ ಬಿಳೀ ಪಟ್ಟೆ ಬೀಳೋದು. ಬೀಳಲಿ. ಈ ಕೆನ್ನೆಯನ್ನು ಇನ್ನು ಯಾರು ನೋಡಬೇಕು.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಎಮ್ಮೆ ಹಿಂದೆ ಹೋದವಳು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ; ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಊರಲ್ಲಿರುತ್ತೆ. ಈ ಬರಹದಲ್ಲಿ ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ, ನನಗೆ ಹೇಳಕ್ಕೆ ಬರಬೇಡಿ.

ನಮ್ಮ ಗದ್ದೆ ಹನಕೆರೆ ಸ್ಟೇಷನ್ನಿನಿಂದ ಆಚೆಗೆ, ರೈಲಿನ ಕೂಗು ಕೇಳುವಷ್ಟು ಹತ್ತಿರ, ರೈಲು ಹಿಡಿಯಲಾಗದಷ್ಟು ದೂರ. ಒಂದು ಬಾವಿ, ಒಂದು ಮೋಟರು, ಎರಡು ಪಾಲು. ಒಂದು ನಮ್ಮದು, ಇನ್ನೊಂದು ನನ್ನ ಮೈದುನ ಪುಟ್ಟಸ್ವಾಮಿಯದು. ಎರಡು ಮನೆಯ ಜಗಲಿಗೂ ಮೋಟರಿನ ಸದ್ದು ಕೇಳುತ್ತೆ. ನನ್ನ ಗಂಡ ತೀರಿಕೊಂಡ ಮೇಲೆ ಮೋಟರು ಮನೆಯ ಬೀಗದ ಕೈ ನನ್ನ ಸೆರಗಿನ ಗಂಟಿಗೆ ಬಂತು. ಕೀ ಯಾರ ಹತ್ತಿರವೋ ನೀರು ಅವರ ಮಾತು ಕೇಳುತ್ತೆ. ಇದು ಯಾವ ವೇದಶಾಸ್ತ್ರದಲ್ಲೂ ಇಲ್ಲ, ಆದರೆ ನಮ್ಮ ಕಡೆಯ ಪ್ರತಿ ಬದುವಿಗೂ ಗೊತ್ತು. ಕೀ ಅವನ ಕೈಗೆ ಹೋದರೆ ಮೊದಲು ಅವನ ಕಬ್ಬು ಕುಡಿಯುತ್ತೆ, ಮಿಕ್ಕಿದರೆ ನನ್ನ ಭತ್ತ ನೆಕ್ಕುತ್ತೆ.

ಮಂಡಿ ಸವೆದು ಬಾವಿ ತನಕ ನಡೆಯೋದು ಕಷ್ಟವಾದಾಗ ಸೊಸೆ ಮಂಗಳ ಒಂದು ದಾರಿ ಹೇಳಿದಳು. ಮದ್ದೂರಿನಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿಯವರ ಮಗಳು ರೇಣುಕ ಅಂತ, ಓದಿದವಳು, ತಾನೇ ಒಂದು ಪೆಟ್ಟಿಗೆ ಮಾಡಿದ್ದಳು. ಪೆಟ್ಟಿಗೆ ಸ್ಟಾರ್ಟರಿನ ಪಕ್ಕ, ಅದನ್ನು ಆಡಿಸುವ ಆಪು ನಮ್ಮ ಫೋನಿನೊಳಗೆ. ಹಸಿರು ಗುಂಡಿ ಒತ್ತಿದರೆ ಪೆಟ್ಟಿಗೆಗೆ ಸುದ್ದಿ ಹೋಗಿ ಮೋಟರು ಹೊರಡುತ್ತೆ; ಅದೇ ಸುದ್ದಿ ಇನ್ನೊಮ್ಮೆ ಹೋದರೆ ನಿಲ್ಲುತ್ತೆ. ಹಲಗೂರು ಕಡೆಯಿಂದ ವೈದ್ಯನಾಥಪುರದವರೆಗೆ ಸುಮಾರು ಜನ ಹಾಕಿಸಿಕೊಂಡಿದ್ದರು, ಯಾರದೂ ಕೆಟ್ಟಿರಲಿಲ್ಲ. ನಾವೂ ಹಾಕಿಸಿದೆವು. ನನ್ನ ಫೋನಿಗೊಂದು ಆಪು, ಪುಟ್ಟಸ್ವಾಮಿ ಫೋನಿಗೊಂದು.

ಅವನು ಒತ್ತಿದರೆ ಮೋಟರು ಕರೆಂಟು ಹೋಗುವ ತನಕ ಓಡೋದು. ನಾನು ಒತ್ತಿದರೆ ಹೊರಟು, ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ನಿಲ್ಲೋದು. ಏನಾಯಿತು ಅಂತ ಸಂಚಿಯಿಂದ ಫೋನು ತೆಗೆದರೆ ಒಮ್ಮೊಮ್ಮೆ ತಾನೇ ಹೊರಡೋದು, ಒಳಗಿಟ್ಟರೆ ಮತ್ತೆ ನಿಲ್ಲೋದು. ಯಾರನ್ನಾದರೂ ಕರೆದು, ನೋಡಿ ಅಂತ ಕೈಯಲ್ಲಿ ಹಿಡಿದು ಒತ್ತಿದರೆ, ಸಾಹೇಬರ ಮುಂದೆ ನಿಂತ ಗುಮಾಸ್ತನ ಹಾಗೆ ವಿನಯವಾಗಿ ಓಡೋದು. ಮಂಗಳ ನಿಂಬೆಹಣ್ಣು ಕಟ್ಟೋಣ ಅಂದಳು. ಎಲ್ಲಿಗೆ ಕಟ್ಟಬೇಕು, ಫೋನಿಗೋ ನನಗೋ ಅಂತ ತೀರ್ಮಾನವಾಗದೆ ಅದು ಉಪ್ಪಿನಕಾಯಿಗೆ ಹೋಯಿತು.

ಇಷ್ಟರಲ್ಲಿ ನನ್ನ ಒಟ್ಲು ಬಿರುಕು ಬಿಡಕ್ಕೆ ಶುರುವಾಯಿತು. ಒಟ್ಲು ಅಂದರೆ ಭತ್ತದ ಸಸಿಮಡಿ. ಅದು ಒಣಗಿದರೆ ಆ ವರ್ಷ ನಾಟಿಯೇ ಇಲ್ಲ. ಪುಟ್ಟಸ್ವಾಮಿ ಬದುವಿನ ಮೇಲೆ ನಿಂತು, ಅಂಗಿ ಜೇಬಿನ ಫೋನು ತಟ್ಟಿಕೊಂಡು ಅಂದ:

“ಅತ್ಗೆ, ನಿನ್ ಕೈಲಾಗಕಿಲ್ಲ ಬುಡು. ನಿಂಗೆ ಒತ್ತಕ್ಕೆ ಬರಕಿಲ್ಲ. ಬೀಗದ್ ಕೈ ಇತ್ಲಾಗ್ ಕೊಡು, ನಾ ನೋಡ್ಕತೀನಿ.”

“ನನ್ ಕೈಗೆ ಏನಾಗದೆ ಲಾ? ನಿನ್ ಮುಕುಳಿ ತೊಳ್ದ ಕೈ ಇದು.”

“ಅದ್ಕೇ ಹೇಳ್ತಾ ಇರಾದು, ಹಳೇ ಕೈ ಅದು.”

ನಾನು ಮದುವೆಯಾಗಿ ಬಂದಾಗ ತೊಟ್ಟಿಲಲ್ಲಿದ್ದವನು, ಮಾತಿಗೆ ಮಾತು ಕೊಡೋದನ್ನು ನನ್ನಿಂದಲೇ ಕಲಿತವನು. ಅದನ್ನು ಕಲಿಸಿದ್ದಕ್ಕೆ ಬೇಜಾರಿಲ್ಲ. ಬೇಜಾರಾಗಿದ್ದು ಹಿಂದಿನ ವಾರ ಬೀಗಕ್ಕೆ ಎಣ್ಣೆ ಬಿಡ್ತೀನಿ ಅಂತ ಕೀ ಈಸಿಕೊಂಡು ಹೋದವನು ಮದ್ದೂರಿನಲ್ಲಿ ಅದರ ಜೋಡಿ ಮಾಡಿಸಿಟ್ಟಿದ್ದಾನೆ ಅಂತ ಮಂಗಳನಿಂದ ತಿಳಿದಾಗ. ಅವನು ಕೇಳುತ್ತಿದ್ದದ್ದು ಕೀ ಅಲ್ಲ, ನನ್ನ ಬಾಯಿಂದ ಒಂದು ‘ಹೂಂ’. ಅದನ್ನು ನಾನು ಕೊಡಲಿಲ್ಲ. ರೇಣುಕನಿಗೆ ಫೋನು ಮಾಡಿಸಿದೆ.

ಅವಳು ಬೆಳಿಗ್ಗೆ ಹತ್ತಕ್ಕೆ ಸ್ಕೂಟರಿನಲ್ಲಿ ಬಂದಳು. ನಲವತ್ತರ ಹೆಂಗಸು, ಉಗುರಿನಲ್ಲಿ ಗ್ರೀಸು, ಬ್ಯಾಗಿನಲ್ಲಿ ಲ್ಯಾಪ್‌ಟಾಪು. ನಮ್ಮ ಜಗಲಿ ಮೇಲೆ ಅದನ್ನು ತೆರೆದು ಒಂದು ವಯರಿನಿಂದ ನನ್ನ ಫೋನನ್ನು ಅದಕ್ಕೆ ಕಟ್ಟಿದಳು. ನಾನು ಬಣ್ಣಬಣ್ಣದ ಚಿತ್ರ ಬರುತ್ತೆ ಅಂತ ಕಾದೆ. ಬಂದಿದ್ದು ಕರೀ ಹಲಗೆ, ಅದರ ಮೇಲೆ ಬಿಳೀ ಅಕ್ಷರ, ನಾನು ಬಿಸಾಕಿದ ಸ್ಲೇಟು ಐವತ್ತೊಂಬತ್ತು ವರ್ಷ ಅಲೆದಾಡಿ ವಾಪಸು ಬಂದ ಹಾಗೆ. ಗುಂಡಿಯಿಲ್ಲ, ಬೊಂಬೆಯಿಲ್ಲ. ಅವಳು ಒಂದು ಸಾಲು ಬರೆದು ಅಪ್ಪಣೆ ಕೊಟ್ಟರೆ ಫೋನಿನ ಹೊಟ್ಟೆಯೊಳಗಿಂದ ನೂರು ಸಾಲು ಇರುವೆಯ ಹಾಗೆ ಹೊರಗೆ ಹರಿದುಬರೋದು, ಒಂದೊಂದಕ್ಕೂ ಗಂಟೆ, ನಿಮಿಷ, ಸೆಕೆಂಡು ಹಚ್ಚಿಕೊಂಡು. ಆಪು ಒಳಗೆ ಏನೇನು ಮಾಡಿತು ಅನ್ನೋದೆಲ್ಲ ಅದರಲ್ಲಿರುತ್ತಂತೆ.

ನನಗೆ ತಕ್ಷಣ ತಿಳಿಯಿತು. ಹಸುವಿಗೆ ಹುಷಾರಿಲ್ಲದಾಗ ನಾವು ಹಸುವನ್ನು ಕೇಳಲ್ಲ, ಸಾಕಿದವರನ್ನೂ ನಂಬಲ್ಲ, ಸಗಣಿ ನೋಡುತ್ತೇವೆ. ಏನು ಮೇಯಿತು, ಯಾವಾಗ ಮೇಯಿತು, ಅರಗಿತೋ ಇಲ್ಲವೋ, ಎಲ್ಲಾ ಅಲ್ಲೇ ಬರೆದಿರುತ್ತೆ. ಇದು ಆಪಿನ ಸಗಣಿ. ಅಂದೂಬಿಟ್ಟೆ. ರೇಣುಕ ನಗದೆ ತಲೆಯಾಡಿಸಿದಳು, ಅವಳ ಮೇಲೆ ನನಗೆ ಗೌರವ ಬಂದಿದ್ದು ಆಗಲೇ.

ಮೊದಲು ಅವಳು ಕೋತಿ ಬಿಟ್ಟಳು. ಆ ಕರೀ ಹಲಗೆಯಲ್ಲಿ ಕೋತಿ ಅನ್ನೋ ಹೆಸರಿನದೇ ಒಂದು ಅಪ್ಪಣೆ ಇದೆಯಂತೆ. ಕೊಟ್ಟರೆ ಯಾರೂ ಮುಟ್ಟದೆಯೇ ಫೋನಿನ ಮೇಲೆ ಸಿಕ್ಕಸಿಕ್ಕಲ್ಲಿ ಸಾವಿರ ಸಲ ಒತ್ತಿದ ಹಾಗಾಗುತ್ತೆ. ಸ್ಟಾರ್ಟರು ಕೆಡದಿರಲಿ ಅಂತ ಪೆಟ್ಟಿಗೆಯ ತಂತಿ ಕಿತ್ತಿಟ್ಟು ಬಂದು ಬಿಟ್ಟಳು. ಗುಂಡಿಗಳು ತಾವೇ ಕುಣಿದವು, ಆಪು ಜಪ್ಪಯ್ಯ ಅನ್ನಲಿಲ್ಲ. ಪುಟ್ಟಸ್ವಾಮಿ ಕಂಬಕ್ಕೆ ಒರಗಿ ನೋಡುತ್ತಿದ್ದ.

“ಕೋತಿ ಒತ್ತುದ್ರೂ ಸರಿಯಾಗೇ ಅದೆ, ನಮ್ಮತ್ಗೆ ಒತ್ತುದ್ರೆ ಮಾತ್ರ ಕೆಡ್ತದೆ,” ಅಂದ.

ಒಪ್ಪುತ್ತೇನೆ, ಮಾತು ಚೆನ್ನಾಗಿತ್ತು. ನಾನು ಹೇಳಬೇಕಿದ್ದ ಮಾತು.

ರೇಣುಕ ಅವನ ಕಡೆ ನೋಡಲಿಲ್ಲ. ತಂತಿ ಮತ್ತೆ ಹಾಕಿ ಬಂದು ನನ್ನನ್ನು ಕೇಳಿದಳು: “ಅಮ್ಮ, ಒತ್ತಿದ್ ಮೇಲೆ ಏನ್ ಮಾಡ್ತೀರಾ?”

ಹೇಗೆ ಒತ್ತಿದೆ, ಯಾವ ಬೆರಳಲ್ಲಿ ಒತ್ತಿದೆ, ಜೋರಾಗಿ ಒತ್ತಿದೆಯಾ ಅಂತ ಊರೆಲ್ಲಾ ಕೇಳಿತ್ತು. ಒತ್ತಿದ ಮೇಲೆ ಏನು ಮಾಡಿದೆ ಅಂತ ಯಾರೂ ಕೇಳಿರಲಿಲ್ಲ.

“ಏನ್ ಮಾಡಾದು, ಎಲೆಅಡಿಕೆ ಹಾಕತೀನಿ.”

“ಹಂಗೇ ಮಾಡಿ. ದಿನಾ ಹೆಂಗೋ ಹಂಗೇ.”

ವಯರು ಕಟ್ಟಿದ ಫೋನು ಒತ್ತಿ ಸಂಚಿಗೆ ಹಾಕಿದೆ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಲ್ಯಾಪ್‌ಟಾಪಿಗೆ ಕಟ್ಟಿಸಿಕೊಂಡು ಕೂತು ಎಲೆ ತೆಗೆದೆ. ಮೋಟರು ಹೊರಟಿತು, ನಿಂತಿತು. ರೇಣುಕ ಹಲಗೆಯ ಮೇಲೆ ಬೆರಳಿಟ್ಟು ಮೂರು ಸಾಲು ಓದಿದಳು. ಹೊರಡು ಅಂತ ಸುದ್ದಿ ಹೋಯಿತು. ಫೋನು ಅಡ್ಡ ತಿರುಗಿತು. ಹೊರಡು ಅಂತ ಮತ್ತೆ ಸುದ್ದಿ ಹೋಯಿತು.

ಸಂಗತಿ ಇಷ್ಟೇ. ಫೋನು ಅಡ್ಡಡ್ಡ ಮಲಗಿದರೆ ಪರದೆಯೂ ಅಡ್ಡ ತಿರುಗುತ್ತೆ; ತಿರುಗುವಾಗ ಆಪು ಒಮ್ಮೆ ಸತ್ತು ಹುಟ್ಟುತ್ತಂತೆ, ಹುಟ್ಟಿದ ತಕ್ಷಣ ಹಿಂದಿನ ಜನ್ಮದ ಕೆಲಸ ನೆನಪಾಗಿ ಸುದ್ದಿಯನ್ನು ಇನ್ನೊಂದು ಸಲ ಕಳಿಸುತ್ತೆ. ಎರಡನೇ ಸುದ್ದಿಗೆ ಮೋಟರು ನಿಲ್ಲುತ್ತೆ. ಗಂಡಸರ ಜೇಬಿನಲ್ಲಿ ಫೋನು ನೆಟ್ಟಗಿರೋದರಿಂದ ಈ ಪುನರ್ಜನ್ಮದ ತಾಪತ್ರಯ ಅವರಿಗಿಲ್ಲ.

“ತಪ್ಪು ನಂದೇ ಕಣಮ್ಮ,” ಅಂದಳು ರೇಣುಕ. “ನನ್ ಮೇಜಿನ್ ಮೇಲೆ ಫೋನು ಯಾವತ್ತೂ ಅಡ್ಡ ಮಲಗಿಲ್ಲ.”

ಅಲ್ಲೇ ಕೂತು ಸರಿ ಮಾಡಿದಳು, ವಯರಿನಲ್ಲೇ ಹೊಸ ಆಪು ಇಳಿಸಿದಳು, ಹಲಗೆಯಿಂದಲೇ ಅಪ್ಪಣೆ ಕೊಟ್ಟು ಪರದೆಯನ್ನು ಇಪ್ಪತ್ತು ಸಲ ತಿರುಗಿಸಿದಳು. ಸುದ್ದಿ ಒಂದೇ ಸಲ ಹೋಗಿತ್ತು. ಆದರೆ ಮೋಟರಿಗೆ ಹಾಕಿ ನೋಡೋಣ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮೋಟರಿನ ಕರೆಂಟು ಇನ್ನು ಬರೋದು ನಾಳೆ ಬೆಳಿಗ್ಗೆ ಆರಕ್ಕೇ.

“ಕರೆಂಟಿಲ್ದಾಗ ಯಾವ್ ಮೋಟ್ರೂ ಕೆಟ್ಟು ನಿಲ್ಲಕಿಲ್ಲ ಬುಡು,” ಅಂದ ಪುಟ್ಟಸ್ವಾಮಿ. “ನಾಳೆ ನಿಂತ್ರೆ ಕೀ ನಂದು.”

“ನಿಂತ್ರೆ ತಕಂಡೋಗು,” ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಮೊಸರಿನ ಪಾತ್ರೆ ಕಣ್ಣಿಗೆ ಬಿತ್ತು. ಮಂಗಳನ ಮೊಸರು ಯಾವತ್ತೂ ಹುಳಿ. ಹೆಪ್ಪು ಹಾಕಕ್ಕೆ ಬರಲ್ಲ, ಅವರಮ್ಮ ಕಲಿಸಿಲ್ಲ, ಮಳವಳ್ಳಿ ಕಡೆಯವರ ಕೈಗುಣವೇ ಅಷ್ಟು ಅಂತ ಎರಡು ವರ್ಷ ಬೈದಿದ್ದೆ. ಹೆಪ್ಪು ಹಾಕಿದ ಮೇಲೆ ಅವಳು ಪಾತ್ರೆ ಎಲ್ಲಿಡುತ್ತಾಳೆ ಅಂತ ಅವತ್ತೇ ನೋಡಿದ್ದು: ಫ್ರಿಜ್ಜಿನ ಹಿಂದೆ, ಬಿಸಿಗಾಳಿ ಬಡಿಯುವ ಮೂಲೆಯಲ್ಲಿ. ಜಾಗವಿಲ್ಲ ಅಂತ ಅಲ್ಲಿಡು ಅಂದಿದ್ದವಳು ನಾನೇ. ತಪ್ಪಾಯಿತು ಅನ್ನಲಿಲ್ಲ, ಅದು ನನ್ನ ಬಾಯಿಗೆ ಅಭ್ಯಾಸವಿಲ್ಲ. ಪಾತ್ರೆ ಎತ್ತಿ ಕಿಟಕಿಕಟ್ಟೆಗೆ ಇಟ್ಟೆ. ಮಂಗಳ ನೋಡಿದಳು, ಪಾತ್ರೆಗೊಂದು ತಟ್ಟೆ ಮುಚ್ಚಿದಳು. ಬಹಳ ಮಾತನಾಡದಿರೋದೂ ಒಂದು ಕೈಗುಣ.

ಮರುದಿನ ಬೆಳಿಗ್ಗೆ ಆರಕ್ಕೆ ಕರೆಂಟು ಬಂತು. ಹಸಿರು ಗುಂಡಿ ಒತ್ತಿದೆ, ಫೋನನ್ನು ಸಂಚಿಗೆ ಅಡ್ಡ ಹಾಕಿದೆ, ಗದ್ದೆ ಕಡೆ ಹೋಗದೆ ನೆಟ್ಟಗೆ ಪುಟ್ಟಸ್ವಾಮಿ ಮನೆಗೆ ಹೋದೆ. ಅವನು ಬೇವಿನಕಡ್ಡಿ ಕಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದ, ಕಿವಿ ಬಾವಿ ಕಡೆಗೆ. ಎದುರಿಗೆ ಕೂತು ಎರಡು ಎಲೆ ತೆಗೆದೆ. ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ, ಅಗಿದು, ಮೊದಲ ರಸ ಉಗಿದು ಬರುವ ತನಕ ಒಂದು ಮಾತೂ ಆಡಲಿಲ್ಲ. ಮೋಟರು ಆಡುತ್ತಲೇ ಇತ್ತು. ಆಮೇಲೆ ಕೈ ಚಾಚಿದೆ. ಅವನು ಕಡ್ಡಿ ಬಾಯಲ್ಲಿಟ್ಟುಕೊಂಡೇ ಒಳಗೆ ಹೋಗಿ, ಮಾಡಿಸಿಟ್ಟಿದ್ದ ಜೋಡಿ ಕೀ ತಂದು ನನ್ನ ಅಂಗೈ ಮೇಲಿಟ್ಟ. ಅದನ್ನೂ ಸಂಚಿಗೆ ಹಾಕಿಕೊಂಡೆ, ಫೋನಿನ ಪಕ್ಕಕ್ಕೆ, ಅಡ್ಡಡ್ಡ.