‘ಸಾಕು’ ಎಂಬ ಬ್ಯಾಂಡು

ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಬೆಳ್ಳುಳ್ಳಿಯ ಊರು ಗಿಲ್‌ರಾಯ್ ದಾಟುವಾಗ ಕಾರಿನ ಕಿಟಕಿ ಇಳಿಸಿದರೆ ಇವತ್ತಿಗೂ ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿಯುತ್ತದೆ, ಅದರ ಹಿಂದೆಯೇ ಕಿವಿಯಲ್ಲಿ ಡ್ರಮ್ಮು ಶುರುವಾಗುತ್ತದೆ. ಡಾಟ್‌ಕಾಮ್ ಭರಾಟೆಯ ದಿನಗಳಲ್ಲಿ ನಾವು ಅಲ್ಲಿದ್ದೆವು; ಅಪ್ಪ ಅಮ್ಮ ಬೆಳಗಾಗುತ್ತಲೇ ಉತ್ತರದ ಆಫೀಸುಗಳಿಗೆ ಹೊರಟುಬಿಡುತ್ತಿದ್ದರು. ಮನೆಯಲ್ಲಿ ಧಾರವಾಡದಿಂದ ಬಂದಿದ್ದ ಅಜ್ಜಿ, ಶಾಲೆ ಬಿಟ್ಟ ಮೇಲೆ ಒಂಬತ್ತು ವರ್ಷದ ನಾನು. ಪಕ್ಕದ ಮನೆಯ ಗಾರೇಜಿನಲ್ಲಿ ಇಂಗ್ಲೆಂಡಿನ ನಾಲ್ವರು ಹುಡುಗರು ಹಾರ್ಡ್ ರಾಕ್ ಬಾರಿಸುತ್ತಿದ್ದರು. ನಮ್ಮ ಅಡುಗೆಮನೆಯ ಪಾತ್ರೆಗಳೂ ತಾಳ ಹಾಕುತ್ತಿದ್ದವು. ಒಂದು ಮಧ್ಯಾಹ್ನ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯ ಹತ್ತಿರ ನಿಂತು, “ಸಾಕು! ಸಾಕ್ರೋ ಯಪ್ಪಾ, ಸಾಕು!” ಎಂದು ಕೂಗಿದಳು. ಹಾಗೆಂದರೇನು ಎಂದು ಡ್ರಮ್ಮು ಬಾರಿಸುವ ನೀಲ್ ನನ್ನನ್ನು ಕೇಳಿದ. ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಹೆದರಿಕೆಗೆ ನಾನು, ಶಭಾಷ್ ಎಂದರ್ಥ ಅಂದುಬಿಟ್ಟೆ.

ವಾರದೊಳಗೆ ಅವರ ವ್ಯಾನಿನ ಮೇಲೆ ಕೆಂಪು ಬಣ್ಣದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ‘ಸಾಕು’ ಎಂಬ ಹೆಸರು ಬಂತು. ಹೆಸರಿನ ಗುಣವೋ ಏನೋ, ದೆಸೆ ತಿರುಗಿತು. ಕಂಪನಿಗಳ ಪಾರ್ಟಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬು, ಕೊನೆಗೆ ರೇಡಿಯೋ. ಅದರಲ್ಲಿ ಜನ “ಸಾಕು, ಸಾಕು” ಎಂದು ಕಿರುಚುವುದನ್ನು ಕೇಳಿ ಅಜ್ಜಿ ಗಲ್ಲಕ್ಕೆ ಕೈಹಚ್ಚಿದಳು. “ಅಷ್ಟು ಮಂದಿ ಸಾಕಂದ್ರೂ ಬಿಡವಲ್ರಲ್ಲ, ಖೋಡಿಗೋಳು!” ಬೈಯುತ್ತಲೇ ಅವರಿಗೆಂದು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು, ಅದೂ ಗಾರೇಜಿನ ತಾಳಕ್ಕೇ. ಕನ್ನಡದ ಒಂದು ದನಿಯೂ ಕೇಳದ ಆ ಬೀದಿಯಲ್ಲಿ ಅವಳಿಗೆ ಆ ಗದ್ದಲವೇ ಜೊತೆಯಾಗಿತ್ತು.

ಆಮೇಲೆ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಪಾರ್ಟಿಗಳು ನಿಂತವು. ಹಾಡುವವನೂ ಗಿಟಾರಿನವನೂ ಮಾತು ಬಿಟ್ಟರು. ಒಂದು ಶನಿವಾರ ನಾಲ್ವರೂ ತಮ್ಮ ತಮ್ಮ ಸಾಮಾನು ಬೇರೆ ಮಾಡಿಕೊಳ್ಳುತ್ತಿದ್ದರು. ನೀಲ್ ಬೇಲಿಯ ಬಳಿ ಬಂದ. ಅಷ್ಟು ದಿನದ ರೊಟ್ಟಿಗೆ ಕೈಮುಗಿದು, ತನಗೆ ಗೊತ್ತಿದ್ದ ಒಂದೇ ಒಂದು ಕನ್ನಡದ ಮೆಚ್ಚುಗೆ ಹೇಳಿದ.

“ಸಾಕು, ಅಜ್ಜಿ.”

ಅಜ್ಜಿಯ ಮುಖ ಸಣ್ಣದಾಯಿತು. “ನಿಮಗ ಸಾಕಾಗಿರಬೇಕು. ನನಗಿನ್ನ ಸಾಕಾಗಿಲ್ಲೋ ಯಪ್ಪಾ” ಎಂದಳು. ನೀಲ್ ಅರ್ಥಕ್ಕಾಗಿ ನನ್ನ ಕಡೆ ನೋಡಿದ. ಹೇಳಿದರೆ ಹಳೆಯ ಸುಳ್ಳು ಬಯಲಾಗುತ್ತಿತ್ತು. ಹೋಗಿ ಬಾ ಅಂತಾಳೆ ಎಂದೆ. ಅವನು ನಕ್ಕು ಕೈಬೀಸಿ ಹೋದ.

ಅಪ್ಪನ ಕೆಲಸವೂ ಹೋಗಿ ನಾವು ಆ ಮನೆ ಬಿಟ್ಟೆವು. ಅಜ್ಜಿ ಈಗಿಲ್ಲ. ಬೆಳ್ಳುಳ್ಳಿಯ ಗಾಳಿ ಬಂದಾಗಲೆಲ್ಲ ನೀಲ್ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ, ಅವಳು ಅವತ್ತು ನಿಜವಾಗಿ ಏನೆಂದಳೆಂದು ಹೇಳಬೇಕೆನಿಸುತ್ತದೆ.