ಎಡಗೈ ಲಾರಿಯ ಉಮರಬ್ಬ

ಉಮರಬ್ಬನಿಗೆ ಲಾರಿ ಕೊಡುವವರು ಮಂಗಳೂರಿನಲ್ಲಿ ಯಾರೂ ಉಳಿದಿರಲಿಲ್ಲ. ಅವನು ಕುಡಿದು ಓಡಿಸುವವನಲ್ಲ, ಸಾಮಾನು ಕದಿಯುವವನೂ ಅಲ್ಲ. ಹಂಚಿನ ಕಾರ್ಖಾನೆಯ ಮುಷ್ಕರದಲ್ಲಿ ಧಣಿಗಳು ಹೊರಗಿನ ಆಳುಗಳನ್ನು ಒಳಗೆ ಬಿಡಲು ಹೊರಟ ದಿನ, ಆವೆಮಣ್ಣು ತುಂಬಿದ ಕಾರ್ಖಾನೆಯ ಲಾರಿಯನ್ನೇ ಗೇಟಿಗೆ ಅಡ್ಡ ನಿಲ್ಲಿಸಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದುಬಿಟ್ಟಿದ್ದ. ಪೊಲೀಸರು ಕೆನ್ನೆಗೆ ಹೊಡೆದರು, ಬೂಟುಗಾಲಿನಿಂದ ಒದ್ದರು. ಕೀಲಿಕೈ ಹೊರಗೆ ಬರಲಿಲ್ಲ. ಅಂದು ಸಂಜೆಯವರೆಗೂ ಆ ಗೇಟಿನೊಳಗೆ ಒಂದು ನರಪಿಳ್ಳೆಯೂ ಹೋಗಲಿಲ್ಲ.

ಒಪ್ಪಂದವಾದಾಗ ಧಣಿಗಳು ಎಲ್ಲರನ್ನೂ ವಾಪಸು ತೆಗೆದುಕೊಂಡರು, ಉಮರಬ್ಬನೊಬ್ಬನನ್ನು ಬಿಟ್ಟು. ಯೂನಿಯನ್ ಕೂಗಿತು, ಮನವಿ ಕೊಟ್ಟಿತು. ಧಣಿಗಳು ಕದಲಲಿಲ್ಲ. ಊರಿನ ಉಳಿದ ಲಾರಿ ಮಾಲೀಕರಿಗೂ ಸುದ್ದಿ ಮುಟ್ಟಿತ್ತು. ಎಲ್ಲಿ ಹೋಗಿ ಕೇಳಿದರೂ, "ಓ, ಕೀಲಿಕೈ ಉಮರಬ್ಬನಾ?" ಎಂದು ನಕ್ಕು ಕಳಿಸುತ್ತಿದ್ದರು.

ಬಂದರಿನಲ್ಲಿ ಮೂಟೆ ಹೊತ್ತ. ಪೊಲೀಸರು ಒದ್ದ ಸೊಂಟ ಮೂಟೆಯ ಭಾರ ತಾಳಲಿಲ್ಲ. ಹೆಂಡತಿ ಸಾರಮ್ಮ ಬೆಳಗಿನಿಂದ ಬೀಡಿ ಕಟ್ಟುತ್ತಿದ್ದಳು, ಅದರಲ್ಲಿ ಮಕ್ಕಳಿಗೆ ಗಂಜಿ. ಬೊಂಬಾಯಿಯ ಹೋಟೆಲೊಂದರಲ್ಲಿದ್ದ ಅವಳ ಅಣ್ಣ, ಗ್ಲಾಸು ತೊಳೆಯುವ ಕೆಲಸ ಖಾಲಿ ಉಂಟು, ಕೂಡಲೇ ಬರಲಿ ಎಂದು ಹೇಳಿ ಕಳಿಸಿದ್ದ.

"ಸ್ಟೇರಿಂಗ್ ಹಿಡಿದ ಕೈ ಇದು. ಗ್ಲಾಸು ತೊಳೀಲಿಕ್ಕೆ ಹೋಗುದಾ?" ಎಂದ ಉಮರಬ್ಬ.

"ಹಾಗಾದ್ರೆ ಮಕ್ಕಳಿಗೆ ಸ್ಟೇರಿಂಗನ್ನೇ ಬೇಯಿಸಿ ಹಾಕ್ತೇನೆ, ತಂದು ಕೊಡಿ," ಎಂದಳು ಸಾರಮ್ಮ, ಬೀಡಿಯಿಂದ ಕಣ್ಣೆತ್ತದೆ.

ಆ ಹೊತ್ತಿಗೆ ಬಂದರಿನ ಕೊಬ್ಬರಿ ವ್ಯಾಪಾರಿ ಅಹ್ಮದ್ ಬಾವನ ಗೋದಾಮಿನ ಹಿಂದೆ ಒಂದು ಲಾರಿ ಸುಮ್ಮನೆ ನಿಂತಿತ್ತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಏಲಂ ಹಾಕಿದ ಅಮೆರಿಕದ ಗಾಡಿ. ಅದರ ಸ್ಟೇರಿಂಗ್ ಎಡಕ್ಕೆ. ಹಾಗಾಗಿ ಬಂದರಿನಲ್ಲಿ ಅದಕ್ಕೆ ಎಡಗೈ ಲಾರಿ ಎಂದೇ ಹೆಸರು. ನಮ್ಮ ರಸ್ತೆಯಲ್ಲಿ ಅದನ್ನು ಓಡಿಸುವುದೇ ಒಂದು ಸಂಕಟ. ಬಲಕ್ಕೆ ತಿರುಗಿಸುವಾಗ ಡ್ರೈವರ್ ಕೈ ಹೊರಗೆ ಹಾಕಿದರೆ ಅದು ಎಡಗಡೆಯ ಚರಂಡಿಗೆ ಕಾಣುತ್ತದೆ, ಹಿಂದೆ ಬರುವವನಿಗೆ ಕಾಣುವುದಿಲ್ಲ. ಅದಕ್ಕೆ ಕ್ಲೀನರ್ ಚನಿಯ ಬಲಗಡೆ ಕೂತು, ಡ್ರೈವರ್ "ಹಾಕು" ಎಂದಾಗಲೆಲ್ಲ ಕೈ ಹೊರಗೆ ಚಾಚುತ್ತಿದ್ದ. ಆ ಲಾರಿಯ ಬಲಗೈ ಎಂದರೆ ಚನಿಯನ ಕೈಯೇ.

ಆದರೆ ಗಾಡಿಗಳನ್ನು ಪರೀಕ್ಷಿಸಿ ಪಾಸ್ ಮಾಡಲು ಹೊಸದಾಗಿ ಬಂದ ಬ್ರೇಕ್ ಇನ್‌ಸ್ಪೆಕ್ಟರ್ ಒಪ್ಪಲಿಲ್ಲ. ಎಡಕ್ಕೆ ಸ್ಟೇರಿಂಗ್ ಇರುವ ಗಾಡಿಗೆ ಕರೆಂಟಿನ ಸಿಗ್ನಲ್ ಲೈಟು ಇರಲೇಬೇಕು, ಕಾನೂನು ಹಾಗಿದೆ, ಕ್ಲೀನರನ ಕೈ ಕಾನೂನಿನಲ್ಲಿಲ್ಲ ಎಂದು ಓಡಾಟ ನಿಲ್ಲಿಸಿದ್ದ. ಬೇರೆ ಡ್ರೈವರುಗಳು ಆ ಗಾಡಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಉಮರಬ್ಬ ಹೋಗಿ ಬಾವನ ಮುಂದೆ ನಿಂತ.

ಬಾವ ಕೊಬ್ಬರಿಯ ರಾಶಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. "ನಿನ್ನ ಕತೆ ನನಗೆ ಗೊತ್ತುಂಟು. ಈ ಲಾರಿಗೆ ಕೀಲಿಕೈಯೇ ಇಲ್ಲ ಮಾರಾಯ. ಮಿಲಿಟರಿ ಗಾಡಿ, ಬರೇ ಸ್ವಿಚ್ಚು. ನೀನು ಎಲ್ಲಿ ಅಡ್ಡ ನಿಲ್ಲಿಸಿದ್ರೂ ಬೇರೆಯವ ಹತ್ತಿ ಬಿಟ್ಟುಕೊಂಡು ಹೋಗಬಹುದು. ಅದಕ್ಕೇ ನಿನಗೆ ಕೊಡ್ತೇನೆ. ಲೈಟು ಹಾಕಿಸು, ಪಾಸ್ ಮಾಡಿಸು, ಓಡಿಸು. ಪಾಸಾಗದಿದ್ರೆ ಗುಜರಿಯವನಿಗೆ ಮಾತು ಕೊಟ್ಟಾಗಿದೆ. ಪರೀಕ್ಷೆಯ ಮರುದಿನ ಬಂದು ಕಡಿದು ಕೊಂಡು ಹೋಗ್ತಾನೆ."

ಬಲ್ಮಠದ ಒಂದು ಗ್ಯಾರೇಜಿನಲ್ಲಿ ವಯರಿಂಗ್ ಮಾಡಿಕೊಡುತ್ತಿದ್ದರು. ಅಲ್ಲಿಯ ಯಜಮಾನ ಉಮರಬ್ಬನನ್ನು ನೋಡಿದ್ದೇ ತಡ, ಕೈಯಲ್ಲಿ ಕೆಲಸ ತುಂಬ ಉಂಟು ಎಂದ. ಅವನ ಗಿರಾಕಿಗಳೆಲ್ಲ ಲಾರಿ ಮಾಲೀಕರು, ಅವನಾದರೂ ಎಂತ ಮಾಡಿಯಾನು. ಹಾಗಾಗಿ ಉಮರಬ್ಬ ಮತ್ತು ಚನಿಯ ತಾವೇ ಕೂತರು. ಗುಜರಿಯಿಂದ ಹಳೇ ಲೈಟುಗಳನ್ನು ತಂದರು. ಹಿಂದೆ ಎಡಕ್ಕೊಂದು, ಬಲಕ್ಕೊಂದು ಕಬ್ಬಿಣದ ಪಟ್ಟಿ. ಪ್ರತಿ ಪಟ್ಟಿಯ ಮೇಲೆ ಬ್ರೇಕ್ ಒತ್ತಿದರೆ ಉರಿಯುವ ಒಂದು ಕೆಂಪು ಲೈಟು, ಪಕ್ಕದಲ್ಲಿ ಒಂದು ಸಿಗ್ನಲ್ ಲೈಟು. ವಯರು ಎಳೆದು ಸ್ವಿಚ್ಚು ತಿರುಗಿಸಿದಾಗ ಎಲ್ಲ ಸರಿಯಾಗಿ ಮಿನುಗಿತು. ಚನಿಯ ಲಾರಿಯ ಹಿಂದೆ ನಿಂತು, "ಇನ್ನು ನನ್ನ ಕೈಗೆ ರಜೆ," ಎಂದ.

ಉಮರಬ್ಬ ಅಷ್ಟಕ್ಕೇ ಬಿಡಬೇಕಿತ್ತು, ಬಿಡಲಿಲ್ಲ. ಅವನ ಅಪ್ಪ ಬಂದರಿನಲ್ಲಿ ಮಂಜಿ ದುರಸ್ತಿ ಮಾಡುತ್ತಿದ್ದವನು. ಸರಕು ಹೊರುವ ಆ ಹಾಯಿ ಹಡಗುಗಳ ಹಲಗೆಗಳಿಗೆ, ಉಪ್ಪು ನೀರು ಕುಡಿಯದ ಹಾಗೆ ಗೇರೆಣ್ಣೆ ಹಚ್ಚುವುದು ರೂಢಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಮೈಗೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಒಣಗಿದರೆ ಅರಗಿನ ಹಾಗೆ ಗಟ್ಟಿ. ಸಮುದ್ರದ ಗಾಳಿಗೆ ಲಾರಿಯೂ ತುಕ್ಕು ಹಿಡಿಯುತ್ತದೆಂದು ಬಂದರಿನವರು ಲಾರಿಯ ಹೊಟ್ಟೆಗೂ ಅದನ್ನೇ ಬಳಿಯುತ್ತಿದ್ದರು. ಪರೀಕ್ಷೆಗೆ ಹೋಗುವ ಗಾಡಿ ಚಂದ ಕಾಣಲೆಂದು ಉಮರಬ್ಬ ಬಲಗಡೆಯ ಲೈಟಿನ ಪಟ್ಟಿಯನ್ನೂ ಬಿಚ್ಚಿ, ಹಿಂದೆ ಮುಂದೆ ಹಚ್ಚಿ, ಪಟ್ಟಿ ಕೂರುವ ಜಾಗಕ್ಕೂ ಹಚ್ಚಿ, ಬಿಸಿಲಿಗೆ ಒಣಗಿಸಿ ಬಿಗಿದ. ಎಡಗಡೆಯ ಪಟ್ಟಿಗೆ ಹಾಕಿದ್ದ ಗುಜರಿಯ ತುಕ್ಕು ಬೋಲ್ಟು ಕಚ್ಚಿಕೊಂಡು ಬಿಚ್ಚಲಿಕ್ಕೆ ಬರಲಿಲ್ಲ, ಅದಕ್ಕೆ ಮೇಲಿಂದಲೇ ಬಳಿದ. ಬ್ಯಾಟರಿಯನ್ನು ಚಾರ್ಜಿಗೆ ಕೊಟ್ಟಿದ್ದರಿಂದ ಮತ್ತೆ ಲೈಟು ಹಾಕಿ ನೋಡುವುದು ಆಗಲಿಲ್ಲ. ಬೆಳಿಗ್ಗೆ ಬ್ಯಾಟರಿ ಬಂತು, ಕೂರಿಸಿದ, ಹೊರಟ.

ಗಾಡಿ ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಲಾರಿಯ ಹಿಂದೆ ನಿಂತ. "ಬಲಕ್ಕೆ ಹಾಕು," ಎಂದ.

ಉಮರಬ್ಬ ಸ್ವಿಚ್ಚು ತಿರುಗಿಸಿದ. ಬಲಗಡೆಯ ಸಿಗ್ನಲ್ ಲೈಟು ಸಾಯುವ ಬೆಕ್ಕಿನ ಕಣ್ಣಿನ ಹಾಗೆ ಮಂಕಾಗಿ ಹೊತ್ತಿಕೊಂಡು ಹಾಗೇ ನಿಂತಿತು, ಮಿನುಗಲಿಲ್ಲ. ಅದರ ಬದಲು ಎಡಗಡೆಯ ಕೆಂಪು ಲೈಟು ತಾನಾಗಿ ಉರಿಯಿತು.

"ಬ್ರೇಕ್ ಒತ್ತು."

ಒತ್ತಿದ. ಎಡಗಡೆ ಕೆಂಪು ಹೊತ್ತಿತು, ಬಲಗಡೆ ಯಾವುದೂ ಹೊತ್ತಲಿಲ್ಲ.

ಇನ್‌ಸ್ಪೆಕ್ಟರ್ ನಗಲಿಲ್ಲ. "ಬಲಕ್ಕೆ ಹೇಳಿದ್ರೆ ನಿನ್ನ ಗಾಡಿ ಎಡಕ್ಕೆ ತೋರಿಸ್ತದೆ. ಇದನ್ನು ನಂಬಿ ಹಿಂದಿನವ ಸಾಯ್ಬೇಕಾ?"

"ಮೊನ್ನೆ ಸರಿ ಇತ್ತು ಸಾರ್. ನನ್ನ ಹೆಂಡತಿ ಮಕ್ಕಳು..."

"ಹೆಂಡತಿ ಮಕ್ಕಳಿಗೆ ನಾನು ಪಾಸ್ ಕೊಡುದಲ್ಲ, ಲಾರಿಗೆ. ನಾಳೆಯಿಂದ ನನಗೆ ಹೊರಗೆ ಕ್ಯಾಂಪು. ಸಂಜೆ ನಾನು ಇಲ್ಲಿಂದ ಏಳುವ ಮೊದಲು ತಂದು ತೋರಿಸು. ಇಲ್ಲದಿದ್ರೆ ಮುಂದಿನ ತಿಂಗಳು."

ಮುಂದಿನ ತಿಂಗಳಿಗೆ ಲಾರಿಯೇ ಇರುವುದಿಲ್ಲ.

ಮೈದಾನದ ಅಂಚಿನ ಮರದಡಿ ಲಾರಿ ನಿಲ್ಲಿಸಿ ಇಬ್ಬರೂ ಕೆಳಗೆ ನುಗ್ಗಿದರು. ನೆರಳು ಲಾರಿಯ ಅರ್ಧಕ್ಕೂ ಬರುತ್ತಿರಲಿಲ್ಲ. ಮೊದಲು ಬಲ್ಬು ಬದಲಿಸಿದರು. ಅದೇ ಹಾಡು. ಎಡದ ಬಲ್ಬನ್ನು ಬಲಕ್ಕೆ ಹಾಕಿದರು, ಬಲ್ಬು ಸರಿಯೇ ಇತ್ತು. ಲೈಟು ಮಿನುಗಿಸುವ ಪುಟ್ಟ ಡಬ್ಬಿ ಕೆಟ್ಟಿರಬೇಕೆಂದು ಚನಿಯ ಕೊಡಿಯಾಲ್‌ಬೈಲಿಗೆ ಓಡಿ, ಗುರುತಿನ ಒಬ್ಬ ಡ್ರೈವರನ ಕಾಲು ಹಿಡಿದು ಅವನ ಗಾಡಿಯ ಡಬ್ಬಿ ಕಿತ್ತು ತಂದ. ಅದನ್ನು ಹಾಕಿದರೂ ಅಷ್ಟೇ. ಸ್ವಿಚ್ಚು ಬಿಚ್ಚಿ, ಒರಸಿ, ಮತ್ತೆ ಹಾಕಿದರು. ಕಡೆಗೆ ಎರಡು ವಯರು ಎಲ್ಲೋ ಒಂದಕ್ಕೊಂದು ತಾಗಿರಬೇಕೆಂದು, ಮುಂದಿನಿಂದ ಹಿಂದಿನವರೆಗೆ ಬಲಗಡೆಯ ವಯರನ್ನೇ ಕಿತ್ತು ಬೇರೆ ಎಳೆದರು. ಉಮರಬ್ಬ ಹಲ್ಲಿನಿಂದಲೇ ವಯರಿನ ಸಿಪ್ಪೆ ಸುಲಿಯುತ್ತಿದ್ದ. ತುಟಿ ಹರಿದು ರಕ್ತ ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ಹೊಸ ವಯರಿಗೂ ಅದೇ ಎಡದ ಕೆಂಪು ಲೈಟು ಉರಿಯಿತು.

ಅವನು ಲಾರಿಯ ಕೆಳಗಿನಿಂದ ಹೊರಗೆ ಬರಲೇ ಇಲ್ಲ, ಮಣ್ಣಿನ ಮೇಲೆ ಅಂಗಾತ ಬಿದ್ದುಕೊಂಡ. ಚನಿಯ ಹೋಟೆಲಿನಿಂದ ಚಾ ತಂದು ಕರೆದರೆ, "ನಾಳೆ ಬೊಂಬಾಯಿಗೆ ಹಡಗು ಉಂಟಾ ನೋಡು," ಎಂದ. ತಮಾಷೆಯಾಗಿರಲಿಲ್ಲ. ದೂರದಲ್ಲಿ ಇನ್‌ಸ್ಪೆಕ್ಟರನ ಜವಾನ ಮೇಜಿನ ಮೇಲಿನ ಕಾಗದಗಳನ್ನು ಕಟ್ಟಲು ಶುರು ಮಾಡಿದ್ದ.

ಚನಿಯನಿಗೆ ಪಿತ್ತ ನೆತ್ತಿಗೇರಿತು. ಸ್ವಿಚ್ಚು ಹಾಗೆಯೇ ಬಲಕ್ಕೆ ತಿರುಗಿಸಿದ್ದಂತೆ ಇತ್ತು, ಲೈಟು ಮಂಕಾಗಿ ಉರಿಯುತ್ತಿತ್ತು. ಹಿಂಬದಿಯ ಹಲಗೆಯನ್ನು ಲಾರಿಯ ಕಬ್ಬಿಣಕ್ಕೆ ಬಿಗಿಯುವ ಸರಪಳಿಯ ತುದಿಯನ್ನು ಹಿಡಿದು, "ನಿನ್ನ ಅಪ್ಪನ ಲೈಟು," ಎಂದು ಆ ಪಟ್ಟಿಗೇ ಬೀಸಿದ. ಲೈಟು ಬೆಳ್ಳಗೆ ಮಿಂಚಿ ಆರಿತು.

ಇನ್ನೊಂದು ಸಲ ಹೊಡೆದ. ಮತ್ತೆ ಮಿಂಚಿತು.

"ಡ್ರೈವರಣ್ಣ, ಪೆಟ್ಟು ತಿಂದ್ರೆ ಇದು ಕೆಲಸ ಮಾಡ್ತದೆ."

"ಪೆಟ್ಟು ತಿಂದು ಕೆಲಸ ಹೋದವ ನಾನು ಇಲ್ಲಿದ್ದೇನೆ, ಸುಮ್ಮನಿರು," ಎಂದ ಉಮರಬ್ಬ ಕೆಳಗಿನಿಂದ. ಆಮೇಲೆ ಕತ್ತೆತ್ತಿದ. "ಹೊಡೀಬೇಡ. ಸರಪಳಿಯನ್ನು ಪಟ್ಟಿಗೆ ಒತ್ತಿ ಹಿಡಿ."

ಪೆಟ್ಟಿಗೆ ಕಪ್ಪು ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿದ್ದ ಕಡೆ ಚನಿಯ ಒತ್ತಿ ಹಿಡಿದ. ಬಲಗಡೆಯ ಲೈಟು ಟಕ ಟಕ ಎಂದು ಚೊಕ್ಕವಾಗಿ ಮಿನುಗತೊಡಗಿತು. ಎಡದ ಕೆಂಪು ಆರಿಹೋಯಿತು. ಸರಪಳಿ ತೆಗೆದರೆ ಮತ್ತೆ ಹಳೇ ಮಂಕು.

ಬ್ಯಾಟರಿಯಿಂದ ವಯರಿನಲ್ಲಿ ಹೋದ ಕರೆಂಟು ಬಲ್ಬು ಉರಿಸಿದ ಮೇಲೆ ಲಾರಿಯ ಕಬ್ಬಿಣದ ಮೈಯಲ್ಲೇ ವಾಪಸು ಬರಬೇಕು. ಅದಕ್ಕೆ ಅರ್ತ್ ಎನ್ನುತ್ತಾರೆ. ಬಲಗಡೆ ಆ ದಾರಿ ಕಟ್ಟಿಹೋಗಿತ್ತು, ಸರಪಳಿ ತಾಗಿದಾಗ ಮಾತ್ರ ತೆರೆಯುತ್ತಿತ್ತು. ದಾರಿ ಸಿಗದ ಕರೆಂಟು ಕೆಂಪು ಲೈಟಿನ ವಯರಿಗೆ ನುಗ್ಗಿ, ಎಡಗಡೆಯ ಲೈಟಿನ ಮೂಲಕ ಮನೆಗೆ ಹೋಗುತ್ತಿತ್ತು. ಅವರು ಅಷ್ಟು ಹೊತ್ತು ಹೋಗುವ ದಾರಿಯನ್ನೇ ಅಗೆದಿದ್ದರು, ಬರುವ ದಾರಿಯನ್ನು ನೋಡಿರಲಿಲ್ಲ.

ಪಟ್ಟಿ ಬಿಚ್ಚಿದರು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕಪ್ಪಗೆ ಹೊಳೆಯುವ ಗೇರೆಣ್ಣೆಯ ಪದರ. ಬೋಲ್ಟಿನ ತೂತಿನೊಳಗೂ ಇಳಿದಿತ್ತು. ಉಮರಬ್ಬ ಅದನ್ನು ಉಗುರಿನಿಂದ ಗೀರಿ ನೋಡಿದ, ಗೀರು ಬೀಳಲಿಲ್ಲ.

"ಯಾರು ಹಚ್ಚಿದ್ದು ಇದನ್ನು?" ಎಂದ ಚನಿಯ, ಗೊತ್ತಿದ್ದೂ.

"ನನ್ನಪ್ಪ," ಎಂದ ಉಮರಬ್ಬ. "ಎರಡು ಹಲಗೆ ಕೂಡುವ ಕಡೆ ಎರಡಕ್ಕೂ ಹಚ್ಚು ಅಂತ ಕಲಿಸಿದವ ಅವನೇ. ಮಂಜಿಗೆ ಲೈಟು ಇರ್ಲಿಲ್ಲ ಮಾರಾಯ."

ಗರಗಸದ ತುಂಡಿನಿಂದ ಕೆರೆದರು, ಕಲ್ಲಿನಿಂದ ತಿಕ್ಕಿದರು. ಪೂರ್ತಿ ಒಣಗದ ಎಣ್ಣೆ ಒಳಪದರದಿಂದ ಕೈಗೆ ಹತ್ತಿ ಬೆರಳುಗಳು ಸುಟ್ಟ ಹಾಗೆ ಉರಿದವು. ಕಬ್ಬಿಣ ಬೆಳ್ಳಗೆ ಕಂಡ ಮೇಲೆ ಪಟ್ಟಿ ಬಿಗಿದು, ನಂಬಿಕೆ ಸಾಲದೆ, ಲೈಟಿನಿಂದ ಲಾರಿಯ ಮೈಗೆ ಬೇರೊಂದು ವಯರಿನ ತುಂಡನ್ನೂ ಕಟ್ಟಿದರು. ಲಾರಿ ತಿರುಗಿಸುವಾಗ ಇನ್‌ಸ್ಪೆಕ್ಟರ್ ಜೀಪಿನ ಕಡೆ ನಡೆಯುತ್ತಿದ್ದ. ಚನಿಯ ಓಡಿ ಹೋಗಿ ಜೀಪಿನ ಎದುರು ನಿಂತುಬಿಟ್ಟ.

"ಅಡ್ಡ ನಿಲ್ಲುದು ನಿಮ್ಮ ಗುಂಪಿಗೇ ಅಭ್ಯಾಸವಾ?" ಎಂದ ಇನ್‌ಸ್ಪೆಕ್ಟರ್. ಆದರೂ ಬಂದ.

ಬಲಕ್ಕೆ ಹಾಕಿಸಿದ, ಎಡಕ್ಕೆ ಹಾಕಿಸಿದ, ಬ್ರೇಕ್ ಒತ್ತಿಸಿದ. ಬಲದ ಸಿಗ್ನಲ್ ಹಾಕಿಕೊಂಡೇ ಬ್ರೇಕ್ ಒತ್ತಲು ಹೇಳಿದ. ಎಲ್ಲ ತಮ್ಮ ತಮ್ಮ ಜಾಗದಲ್ಲಿ ಉರಿದವು. ಉಮರಬ್ಬ ಸ್ಟೇರಿಂಗ್ ಬಿಟ್ಟಿರಲಿಲ್ಲ, ಅದರ ಮೇಲೆ ಅವನ ಬೊಬ್ಬೆಯ ನೀರು ಅಂಟಿತ್ತು. ಇನ್‌ಸ್ಪೆಕ್ಟರ್ ಸಹಿ ಹಾಕಿ ಕಾಗದ ಕೊಟ್ಟ. ಜೀಪು ಹತ್ತಿ ಹೋದ.

ಅಹ್ಮದ್ ಬಾವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಬೆಳಿಗ್ಗೆ ಉರ್ವಕ್ಕೆ ಕೊಬ್ಬರಿ ಲೋಡ್ ಉಂಟು. ತಡ ಮಾಡಬೇಡ," ಎಂದು ಒಳಗೆ ಹೋದ. ಗುಜರಿಯವನು ಮರುದಿನ ಬಂದು ಬರಿಗೈಯಲ್ಲಿ ಹೋದ. ಚನಿಯನ ಕೈಗೆ ರಜೆ ಸಿಗಲಿಲ್ಲ. ಸಿಗ್ನಲ್ ಮಿನುಗುವಾಗಲೂ ಅವನು ಕೈ ಚಾಚುತ್ತಿದ್ದ. ಆ ಲೈಟಿನ ಬಗ್ಗೆ ಅವನಿಗೆ ಕಡೆಯವರೆಗೂ ಅನುಮಾನವೇ.

ಕೆಲವು ವರ್ಷ ಕಳೆದು ಬಂದರಿನ ಹೊರೆಯಾಳುಗಳ ಮುಷ್ಕರ ಬಂತು. ಗೋದಾಮಿನ ಯಜಮಾನರು ಹೊರಗಿನ ಆಳುಗಳನ್ನು ಲಾರಿಗಳಲ್ಲಿ ತರಿಸಿದರು. ಆ ಬೆಳಿಗ್ಗೆ ಗೋದಾಮುಗಳ ಓಣಿಯ ಬಾಯಿಗೆ ಎಡಗೈ ಲಾರಿ ಅಡ್ಡ ನಿಂತಿತ್ತು. ಉಮರಬ್ಬ ಕೆಳಗಿಳಿದು ಬೀಡಿ ಹಚ್ಚಿದ. ಕೀಲಿಕೈ ಬೇಡದ ಗಾಡಿ ತಾನೇ ಎಂದು ಬೇರೊಬ್ಬ ಡ್ರೈವರ್ ಹತ್ತಿ ಸ್ವಿಚ್ಚು ಎಳೆದ. ಏನೂ ಆಗಲಿಲ್ಲ. ಮತ್ತೆ ಮತ್ತೆ ಎಳೆದು ಬೆವರಿ ಇಳಿದ. ಬ್ಯಾಟರಿಯನ್ನು ಲಾರಿಯ ಮೈಗೆ ಸೇರಿಸುವ ದಪ್ಪ ಅರ್ತ್ ಪಟ್ಟಿ ಉಮರಬ್ಬನ ಲುಂಗಿಯ ಒಳಗೆ, ಸೊಂಟಕ್ಕೆ ಸುತ್ತಿಕೊಂಡಿತ್ತು.

ಬಾವ ಅವನನ್ನು ಅಲ್ಲೇ ಕೆಲಸದಿಂದ ತೆಗೆದ. ಮುಷ್ಕರ ಮುಗಿಯಿತು, ಆಳುಗಳಿಗೆ ಕೇಳಿದ ಕೂಲಿಯಲ್ಲಿ ಅರ್ಧ ಸಿಕ್ಕಿತು. ಎಡಗೈ ಲಾರಿಗೆ ಮಾತ್ರ ಬೇರೆ ಡ್ರೈವರ್ ಸಿಗಲಿಲ್ಲ. ಕೊಬ್ಬರಿಗೆ ಹುಳ ಹತ್ತುವ ಹೊತ್ತಿಗೆ ಬಾವ ಚನಿಯನನ್ನು ಕಳಿಸಿ ಹೇಳಿಸಿದ, "ಆ ಹಾಳಾದವನಿಗೆ ಪಟ್ಟಿ ತಕೊಂಡು ಬರ್ಲಿಕ್ಕೆ ಹೇಳು."

ಉಮರಬ್ಬ ಹೋದ. ಲಾರಿಯ ಮೈಯಲ್ಲಿ ಪಟ್ಟಿ ಕೂರುವ ಜಾಗವನ್ನು ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಕೆರೆದು ಅದನ್ನು ಬಿಗಿದ. ಎಣ್ಣೆ ಹಚ್ಚಲಿಲ್ಲ.