ತೆಂಗಿನಕಾಯಿಗೆ ಗುಂಡು ಹೊಡೆದ ತಪ್ಪಿಗೆ

ಗುಂಡು ಹೊಡೆದು ಹತ್ತು ನಿಮಿಷ ಆಗಿರಲಿಲ್ಲ, ನಮ್ಮ ಬಾಡಿಗೆ ಮನೆಯ ಮುಂದೆ ಎಂಟು ಜನ ಪಾತ್ರೆ ಹಿಡಿದು ನಿಂತಿದ್ದರು. ಒಬ್ಬಾಕೆಯಂತೂ ಮುಚ್ಚಳ ಸಮೇತ ತಂದಿದ್ದಳು.

"ಹಂದಿ ಎಲ್ ಬಿತ್ತು ಸಾ?"

"ಹಂದಿ ಅಲ್ಲ, ತೆಂಗಿನಕಾಯಿ."

ಅವರು ಬೇವಿನ ಮರದಿಂದ ನೇತಾಡುತ್ತಿದ್ದ ಚಿಪ್ಪಿನ ಚೂರು ನೋಡಿದರು, ನನ್ನ ಕೈಯ ಕೋವಿ ನೋಡಿದರು. "ಕಾಯಿ ಒಡಿಯಕ್ಕೆ ಮನೇಲಿ ಮಚ್ಚಿಲ್ವಾ ಸಾ?" ಅಂತ ಒಬ್ಬ ಕೇಳಿಯೇಬಿಟ್ಟ. ಪಾತ್ರೆಗಳು ಮುಖ ಸಿಂಡರಿಸಿಕೊಂಡು ವಾಪಸ್ ಹೋದವು.

ಕೊಡಗಿನಲ್ಲಿ ಕೂತು ಇದನ್ನು ಓದುವ ನಿಮಗೆ ವಿವರಿಸಬೇಕಿಲ್ಲ. ಅವತ್ತು ಕೈಲ್‌ಪೊಳ್ದ್, ನಾವು ಆಯುಧಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುವ ಹಬ್ಬ. ಆದರೆ ಹನೂರು ತಾಲ್ಲೂಕಿನ ಈ ಕಾಡಂಚಿನ ಊರಿನಲ್ಲಿ ಕೋವಿಯ ಸದ್ದಿಗೆ ಎರಡೇ ಅರ್ಥ: ಒಂದು ಮಾಂಸ, ಇನ್ನೊಂದು ಪೊಲೀಸ್. ಮಾಂಸ ಕೇಳಿದವರು ಹೋದ ಮೇಲೆ ಎರಡನೆಯದೂ ಬಂತು.

ನಾನು ಇಲ್ಲಿನ ಸರ್ಕಾರಿ ಪ್ರೌಢಶಾಲೆಗೆ ವರ್ಗವಾಗಿ ಬಂದ ಪಿ.ಟಿ. ಮೇಷ್ಟ್ರು. ಹೆಂಡತಿ ತನ್ನ ಕೆಲಸ ಬಿಡಲಾರದೆ ಮಡಿಕೇರಿಯಲ್ಲೇ ಉಳಿದಳು. ಎಂಬತ್ತಾರರ ಅಪ್ಪ ಮಾತ್ರ "ನಾನೂ ಬರ್ತೇನೆ" ಅಂತ ಹಟ ಹಿಡಿದು ಜೀಪು ಹತ್ತಿದರು, ತೊಡೆಯ ಮೇಲೆ ತಮ್ಮ ತೋಕ್ ಇಟ್ಟುಕೊಂಡು. ತೋಕ್ ಅಂದರೆ ಕೋವಿ. ಬಂದ ಮೊದಲ ವಾರವೇ ನನ್ನಿಂದ ಒಂದು ಮಾತು ತೆಗೆದುಕೊಂಡರು: "ನಾನು ಎಲ್ಲೇ ಸತ್ತರೂ ಅಲ್ಲೇ ಎರಡು ಗುಂಡು ಹೊಡೆಯಬೇಕು. ಕದ್ದು ಹೋದವನ ಹಾಗೆ ಸುಮ್ಮನೆ ಹೋಗಲಾರೆ." ಸಾವಿಗೆ ಎರಡು ಗುಂಡು ನಮ್ಮ ಕಡೆಯ ಪದ್ಧತಿ. ಕೇಳಿದವರು ಕೈಯ ಕೆಲಸ ಬಿಟ್ಟು ಬರುತ್ತಾರೆ. ನಾನು ಆಗಲಿ ಅಂದೆ. ಅದೇನು ಮಹಾ ಅಂದುಕೊಂಡಿದ್ದೆ.

ನಿಜ ಹೇಳುತ್ತೇನೆ, ಈ ಊರಿನ ಬಗ್ಗೆ ನನಗೆ ಮೊದಲಿಂದಲೂ ತಾತ್ಸಾರ. ಬಿಸಿಲೋ ಬಿಸಿಲು. ತಗಡಿನ ಸೂರಿನ ಮನೆ, ಮಧ್ಯಾಹ್ನ ಒಳಗೆ ಕೂತರೆ ತಲೆ ಬೇಯುತ್ತದೆ. ಮೂರು ಹೊತ್ತೂ ಮುದ್ದೆ, ಅದಕ್ಕೆ ಉಪ್ಸಾರು ಅನ್ನುವ ಬೇಳೆ ಬೇಯಿಸಿದ ನೀರು. ಹಾಕಿ ಸ್ಟಿಕ್ ಕೊಟ್ಟರೆ ಮಕ್ಕಳು ಅದರಲ್ಲಿ ಹುಣಸೆಕಾಯಿ ಉದುರಿಸುತ್ತವೆ. ಎಲ್ಲಕ್ಕಿಂತ ನಗು ತರಿಸಿದ್ದು ಮನೆ ಮಾಲೀಕ ಮಾದಪ್ಪನ ಗರ್ನಾಲು. ಗರ್ನಾಲು ಅಂದರೆ ಕಿವಿ ಹರಿದು ಹೋಗುವಂಥ ಪಟಾಕಿ. ಜೋಳದ ಹೊಲಕ್ಕೆ ಆನೆ ಇಳಿದರೆ ಬತ್ತಿಗೆ ಬೀಡಿ ತಾಗಿಸಿ ಎಸೆದು ಓಟ ಕೀಳುವುದು. ಇದೂ ಒಂದು ಗಂಡಸ್ತನವೇ ಅಂತ ಅಪ್ಪನ ಮುಂದೆ ಆಡಿಕೊಂಡು ನಗುತ್ತಿದ್ದೆ.

"ನೀನೊಂದು ಕೋವಿ ತಕೊಳ್ಳಬಾರದೇನಯ್ಯಾ?" ಅಂತ ಒಮ್ಮೆ ಕೇಳಿದೆ.

"ಅರ್ಜಿ ಕೊಟ್ಟಿದ್ದೆ ಸಾ, ಬೆಳೆ ರಕ್ಷಣೆಗೆ ಅಂತ. ಪಾಣಿ ತನ್ನಿ ಅಂದ್ರು, ತಂದೆ. ಪೊಲೀಸ್ನೋರ ವರದಿ, ಫಾರೆಸ್ಟ್ನೋರ ವರದಿ ಅಂದ್ರು. ಹನೂರು, ಕೊಳ್ಳೇಗಾಲ, ಡೀಸಿ ಆಪೀಸು, ತಿರುಗಿ ತಿರುಗಿ ಚಪ್ಲಿ ಸವುದೋಯ್ತು. ಆನೆಗೆ ಯಾವ ವರದಿನೂ ಬ್ಯಾಡ, ಅದು ದಿನಾ ಬತ್ತಿತ್ತು. ಬುಟ್ಬುಟ್ಟೆ."

ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಎದೆ ಉಬ್ಬಿಸಿ ಹೇಳಿದೆ: ನಮಗೆ ಅರ್ಜಿಯೂ ಇಲ್ಲ, ಮಣ್ಣೂ ಇಲ್ಲ. ಕೊಡವರಿಗೆ, ಜಮ್ಮಾ ಅನ್ನುವ ಪಿತ್ರಾರ್ಜಿತ ಭೂಮಿ ಇರುವವರಿಗೆ ಲೈಸೆನ್ಸ್ ಬೇಡ ಅಂತ ಕಾನೂನೇ ವಿನಾಯಿತಿ ಕೊಟ್ಟಿದೆ. ಮಾದಪ್ಪ ಬೀಡಿ ಕಚ್ಚಿಕೊಂಡು ಕೇಳಿಸಿಕೊಂಡ. "ಪುಣ್ಯವಂತ್ರು ಬುಡಿ" ಅಂದ.

ಆ ಪುಣ್ಯ ತೆಂಗಿನಕಾಯಿ ಹಬ್ಬದ ದಿನ ಠಾಣೆಯ ಮೇಜಿನ ಮೇಲೆ ಬಂದು ಕೂತಿತು. ಅದಕ್ಕೆ ಮುಂಚೆ ಫಾರೆಸ್ಟಿನವರು ಮನೆಗೆ ಬಂದು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಮೂಸಿ ನೋಡಿದರು. ಸಿಕ್ಕಿದ್ದು ಉಪ್ಸಾರು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ನನ್ನ ವಿನಾಯಿತಿ ಪತ್ರವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಲೈಸೆನ್ಸ್ ಎಲ್ಲಿ ಮೇಷ್ಟ್ರೇ?"

"ಲೈಸೆನ್ಸ್ ಬೇಡ ಅನ್ನುವುದಕ್ಕೇ ಈ ಪತ್ರ."

"ಲೈಸೆನ್ಸ್ ಇಲ್ದೆ ಇರಕ್ಕೆ ಒಂದು ಸರ್ಟಿಫಿಕೇಟಾ? ಇದ್ಯಾವ ಸೀಮೆ ಕಾನೂನು ಸಾ!"

ಕೋವಿಯ ನಾಡಿನವನಿಗೆ ಇವರು ಕಾನೂನು ಹೇಳಿಕೊಡುವುದೇ ಅಂತ ನನ್ನ ಮೈ ಉರಿಯಿತು. ಆಗ ಒಳಗಿಂದ ಬಂದ ಎಸ್‌.ಐ., ಎಳೆ ವಯಸ್ಸಿನ ಹುಡುಗಿ, ಪತ್ರವನ್ನು ಮೇಲಿಂದ ಕೆಳಗೆ ಓದಿದರು. ನಂತರ ನಿಧಾನವಾಗಿ ಹೇಳಿದರು: "ಪತ್ರ ಸರಿಯಾಗಿದೆ ಸರ್. ಇಟ್ಕೊಳ್ಳಿ, ಜೊತೆಗೆ ಒಯ್ಯಿರಿ ಅಂತ ಇದೆ. ಹೊಡೀರಿ ಅಂತ ಎಲ್ಲಿದೆ, ಬೆರಳಿಟ್ಟು ತೋರಿಸಿ. ಸಂಭ್ರಮಕ್ಕೆ ಅಂತ ಜನರ ನಡುವೆ ಗುಂಡು ಹಾರಿಸೋದೇ ಅಪರಾಧ, ಗೊತ್ತಾ? ಅದರ ಮೇಲೆ ಪಕ್ಕದಲ್ಲೇ ಕಾಡು ಬೇರೆ."

ನನಗೆ ಗೊತ್ತಿರಲಿಲ್ಲ. ಐವತ್ತೊಂದು ವರ್ಷ ಕೋವಿಯ ಜೊತೆ ಬದುಕಿದವನು ಅದರ ಕಾನೂನನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ವಿನಾಯಿತಿ ಇದೆ ಅನ್ನುವುದಷ್ಟೇ ನಮಗೆ ಬಾಯಿಪಾಠ. ಕೊಡಗಿನಿಂದ ಪತ್ರದ ಖಾತ್ರಿ ಬಂದು ವಿಚಾರಣೆ ಮುಗಿಯುವವರೆಗೆ ಕೋವಿ ಠಾಣೆಯಲ್ಲೇ ಇರಲಿ ಅಂದರು. ನಳಿಗೆಗೆ ಒಂದು ಚೀಟಿ ಕಟ್ಟಿ ಒಳಗೆ ಒಯ್ದರು.

ಆಮೇಲೆ ನನ್ನ ಪಾಡು ಮಾದಪ್ಪನ ಪಾಡೇ. ಶನಿವಾರ ಅರ್ಧ ದಿನ ರಜೆ ಹಾಕಿ ಹನೂರು, ಕೊಳ್ಳೇಗಾಲ, ಬಸ್ಸು ಬದಲಿಸಿ ಯಳಂದೂರಿನ ಮೇಲೆ ಚಾಮರಾಜನಗರ. ಯಳಂದೂರು ಬಂದಾಗಲೆಲ್ಲ ಕಂಡಕ್ಟರ್ ನನ್ನ ಕೈಯ ಫೈಲು ನೋಡಿ "ಇನ್ನೂ ಆಗ್ಲಿಲ್ವಾ ಸಾ?" ಅನ್ನುವನು. ಕಾಗದ ಅಲ್ಲಿಂದ ಹೊರಟಿದೆ ಅಂತ ಮಡಿಕೇರಿಯವರು, ಇಲ್ಲಿಗೆ ಮುಟ್ಟಿಲ್ಲ ಅಂತ ಇವರು. ಅಷ್ಟರಲ್ಲಿ ಚುನಾವಣೆ ಬಂತು. ಇದ್ದಬದ್ದ ಕೋವಿಗಳೇ ಠಾಣೆ ಸೇರುವ ಹೊತ್ತಿನಲ್ಲಿ ನನ್ನದನ್ನು ಯಾರು ಹೊರಗೆ ಬಿಡುತ್ತಾರೆ?

ಅಪ್ಪ ದಿನವೂ ಒಂದೇ ಮಾತು ಕೇಳುತ್ತಿದ್ದರು. "ತೋಕ್ ಬಂತಾ?"

"ನಾಳೆ ಬರುತ್ತೆ ಅಪ್ಪ."

ಅವರು ಎದ್ದು ಜಗಲಿಗೆ ಹೋಗಿ ಮಾದಪ್ಪನ ಪಕ್ಕ ಕೂರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು, ಆದರೂ ಸಂಜೆಯವರೆಗೆ ಹರಟೆ. ಬಡಾಯಿಗಾರ ಮಗನಿಗಿಂತ ಗರ್ನಾಲಿನವನೇ ವಾಸಿ ಅನ್ನಿಸಿರಬೇಕು ಅವರಿಗೆ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಕಾಫಿ ಲೋಟ ಕೈಯಲ್ಲಿದ್ದಂತೆಯೇ, ಅಪ್ಪ ಹೋದರು. ನಾನು ಓಡಿದ್ದು ಡಾಕ್ಟರ ಹತ್ತಿರ ಅಲ್ಲ, ಠಾಣೆಗೆ. ಎಸ್‌.ಐ. ಎದ್ದು ನಿಂತರು. "ಕ್ಷಮಿಸಿ ಸರ್, ಆದೇಶ ಇಲ್ಲದೆ ಕೊಡೋಕಾಗಲ್ಲ" ಅಂದರು. ಅವರ ಕಣ್ಣಿನಲ್ಲೂ ನೀರಿತ್ತು. ನಾನು ಬರಿಗೈಯಲ್ಲಿ ಬಂದೆ. ಅಪ್ಪ ಕೇಳಿದ್ದು ಒಂದೇ, ಅದನ್ನೂ ನಡೆಸಲಾಗದವನು ನಾನು.

ಮನೆ ಮುಟ್ಟುವ ಮುಂಚೆ ಢಂ ಅಂತ ಒಂದು ಸದ್ದು. ಅದರ ಬೆನ್ನಿಗೇ ಇನ್ನೊಂದು. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಮರದಡಿ ಮಾದಪ್ಪ ನಿಂತಿದ್ದ. ಕೈಯಲ್ಲಿ ಉರಿಯುವ ಬೀಡಿ, ಕಣ್ಣಲ್ಲಿ ಧಾರಾಕಾರ ನೀರು.

"ನಿಮ್ಮಪ್ಪಾರೇ ಹೇಳಿದ್ರು ಸಾ," ಅಂದ. "'ನನ್ ಮಗ ತೋಕ್ ತರೋ ಹಂಗೆ ಕಾಣೆ, ನೀನೇ ಎರಡು ಹೊಡುದ್ಬುಡು' ಅಂತ. ಊರ್ಗೂ ಹೇಳಿವ್ನಿ. ಆನೆ ಬರ್ದಿರೋ ಬೆಳಗೊತ್ನಲ್ಲಿ ಜೋಡಿ ಗರ್ನಾಲು ಕೇಳಿದ್ರೆ ಮೇಷ್ಟ್ರ ಅಪ್ಪಾರು ಹೋದ್ರು ಅಂತ ತಿಳ್ಕಳಿ ಅಂತ."

ಜೋಳದ ಹೊಲಗಳ ನಡುವಿಂದ ಜನ ಬರುತ್ತಿದ್ದರು. ಅವತ್ತು ಪಾತ್ರೆ ತಂದಿದ್ದ ಆ ಎಂಟೂ ಜನ ಇದ್ದರು. ಈ ಸಲ ಯಾರ ಕೈಯಲ್ಲೂ ಏನೂ ಇರಲಿಲ್ಲ.

ಮಧ್ಯಾಹ್ನ ಗಾಡಿ ಮಾಡಿಕೊಂಡು ಅಪ್ಪನನ್ನು ಕೊಡಗಿಗೆ ಒಯ್ದೆವು, ಮಾದಪ್ಪನೂ ಬಂದ. ಅಲ್ಲಿ ಪದ್ಧತಿಯಂತೆ ಕೋವಿಯಿಂದ ಎರಡು ಹಾರಿಸಿದರು. ಅಪ್ಪನಿಗೆ ಎರಡು ಊರಿನಲ್ಲಿ ಎರಡೆರಡು. ನಮ್ಮ ಮನೆತನದಲ್ಲಿ ಯಾರಿಗೂ ಸಿಗದ ಮರ್ಯಾದೆ.

ಕೋವಿ ಮೊನ್ನೆ ಬಂತು, ಚೀಟಿ ಸಮೇತ. ಬೀರುವಿನ ಮೇಲಿದೆ. ಅದನ್ನು ನೋಡಲು ಬಂದ ಮಾದಪ್ಪ ನಳಿಗೆ ಸವರಿ, ನಗುತ್ತ ಕೇಳಿದ:

"ನಿಮ್ಗೆ ಯಾವ್ದು ಸಾ, ಮುಂದಕ್ಕೆ? ಅಲ್ಲಿ ಕೋವಿಯೋ, ಇಲ್ಲಿ ಗರ್ನಾಲೋ?"

ಕೊಡಗಿಗೆ ವರ್ಗಾವಣೆ ಕೇಳುವ ಅರ್ಜಿ ತುಂಬಿ ಮೇಜಿನ ಮೇಲಿಟ್ಟು ತಿಂಗಳಾಯಿತು. ಇನ್ನೂ ಕಳಿಸಿಲ್ಲ.